ನೀರಿನ ಮೇಲಿನ ಮೋಡ: ಮನೆಯಲ್ಲೇ ಅಬ್ರಿ ಕಾಗದ



ನಿಲ್ಲದ ಮಾತಿಗೆ, ಉಳಿಯದ ಕೆಲಸಕ್ಕೆ ‘ನೀರಿನ ಮೇಲೆ ಬರೆದ ಹಾಗೆ’ ಎನ್ನುವುದು ನಮ್ಮಲ್ಲಿ ರೂಢಿ. ಆದರೆ ನೀರಿನ ಮೇಲೆ ಬರೆದದ್ದನ್ನೇ ಕಾಗದಕ್ಕೆ ಇಳಿಸಿ, ಅದನ್ನು ನಾನೂರು ವರ್ಷ ಉಳಿಸಿದ ಕಲೆಯೊಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಮಾರ್ಬಲಿಂಗ್ ಎನ್ನುತ್ತಾರೆ. ಅಮೃತಶಿಲೆಯ ಮೈಮೇಲಿನ ಗೆರೆಗಳಂತೆ ಕಾಣುತ್ತದೆಂದು ಆ ಹೆಸರು. ಪಾರಸಿ ಭಾಷೆಯಲ್ಲಿ ಅದರ ಹೆಸರು ಅಬ್ರಿ. ‘ಅಬ್ರ್’ ಎಂದರೆ ಮೋಡ. ಶಿಲೆಗಿಂತ ಮೋಡದ ಹೆಸರೇ ಇದಕ್ಕೆ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅನಿಸಿಕೆ. ಶಿಲೆ ಅಲುಗುವುದಿಲ್ಲ, ನೀರಿನ ಮೇಲಿನ ಬಣ್ಣ ಮೋಡದ ಹಾಗೆ ಕ್ಷಣಕ್ಕೊಂದು ಆಕಾರ ತಾಳುತ್ತದೆ.

ಹಳೆಯ ದಫ್ತರಗಳನ್ನು, ಅಡತಿ ಅಂಗಡಿಯ ದಪ್ಪ ಲೆಕ್ಕದ ಪುಸ್ತಕಗಳನ್ನು ನೋಡಿದವರಿಗೆ ಈ ನಮೂನೆ ಹೊಸದಲ್ಲ. ರಟ್ಟಿನ ಮೇಲೆ ಕೆಂಪು, ನೀಲಿ, ಹಳದಿ ಬಣ್ಣಗಳು ಸುಳಿಸುಳಿಯಾಗಿ ಹರಡಿದ ಕಾಗದ ಅಂಟಿಸಿರುತ್ತಿದ್ದರು. ಈಗ ಅಂಥ ರಟ್ಟುಗಳ ಮೇಲೆ ಇರುವುದು ಯಂತ್ರದಲ್ಲಿ ಮುದ್ರಿಸಿದ ನಕಲು. ಆ ನಕಲಿನ ಮೂಲ ಏನು, ಅದನ್ನು ಮನೆಯಲ್ಲಿ ಮಾಡುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ನಾನು ಚಿತ್ರಕಲೆಯ ಮಾಸ್ತರ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತ ನನ್ನ ಸೇವೆಯ ಬಹುಭಾಗ ಕಳೆಯಿತು. ಅಲ್ಲಿ ಪದೇ ಪದೇ ಕೇಳಿದ ಮಾತೊಂದಿದೆ: ‘ಚಿತ್ರ ತೆಗೆಯೋದು ರೊಕ್ಕ ಇದ್ದವರ ಕೆಲಸರಿ.’ ಬಣ್ಣ ಸೊಲ್ಲಾಪುರದಿಂದ ಬರಬೇಕು, ಕಾಗದ ಕಲಬುರಗಿಯಿಂದ ಬರಬೇಕು, ಚಿತ್ರದ ವಿಷಯವೂ ಪೇಟೆಯಲ್ಲಿ ಸಿಗುವ ಚಾರ್ಟಿನಿಂದ ಬರಬೇಕು ಎಂಬ ಭಾವನೆ ಮಕ್ಕಳಲ್ಲಿ ಬೇರೂರಿತ್ತು. ತಮ್ಮೂರಲ್ಲಿ ಏನೂ ಇಲ್ಲ ಎಂದು ಕಲಿತ ಮಗು ತನ್ನಲ್ಲೂ ಏನೂ ಇಲ್ಲ ಎಂದು ಬಹುಬೇಗ ಕಲಿತುಬಿಡುತ್ತದೆ. ಅಬ್ರಿ ಕಾಗದವನ್ನು ನಾನು ತರಗತಿಗೆ ಒಯ್ದದ್ದು ಈ ಭಾವನೆಯನ್ನು ಅಲುಗಿಸುವ ಆಸೆಯಿಂದ.

ಒಮ್ಮೆ ಅಫಜಲಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಒಂದು ಚಿತ್ರ ತೋರಿಸಿದೆ. ಎಲುಬು ಬಿಟ್ಟ ಬಡಕಲು ಕುದುರೆ. ಕುದುರೆಯ ಮೈತುಂಬ ಕುಂಚದ ಬಣ್ಣವಿಲ್ಲ, ಅಬ್ರಿಯ ಅಲೆಗಳೇ ತುಂಬಿವೆ. ಆ ಅಲೆಗಳಿಂದಾಗಿ ಅದರ ಚರ್ಮ ನಡುಗುತ್ತಿರುವಂತೆ ಕಾಣುತ್ತದೆ. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಬಿಜಾಪುರದಲ್ಲಿ ಆದ ಚಿತ್ರ ಅದು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಸರ್, ಇದು ನಮ್ಮ ಕಡೀದೇನ್ರಿ?’

ಹೌದು, ನಮ್ಮ ಕಡೆಯದೇ. ಅಫಜಲಪುರದಿಂದ ಭೀಮೆ ದಾಟಿದರೆ ಆಚೆ ಇರುವುದೇ ವಿಜಯಪುರ ಜಿಲ್ಲೆ. ಅಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹಿ ಸಂಗೀತ, ಚಿತ್ರಕಲೆಗಳ ಹುಚ್ಚಿದ್ದ ದೊರೆ. ಜನ ಅವನನ್ನು ‘ಜಗದ್ಗುರು ಬಾದಶಹ’ ಎಂದು ಕರೆದರು. ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಸಂಗ್ರಹವನ್ನು ಅವನೇ ದಖನಿಯಲ್ಲಿ ರಚಿಸಿದ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ. ಆ ಕಾಲದ ಬಿಜಾಪುರದಲ್ಲಿ ಅಬ್ರಿ ಕೇವಲ ಪುಸ್ತಕದ ಅಂಚಿನ ಅಲಂಕಾರವಾಗಿ ಉಳಿಯಲಿಲ್ಲ. ಅದರಿಂದ ಆನೆ, ಕುದುರೆ, ಮನುಷ್ಯರ ಆಕೃತಿಗಳನ್ನೇ ಮೂಡಿಸಿದರು. ಬೇರೆ ಕಡೆ ಕಾಗದಕ್ಕೆ ಅಂಚುಕಟ್ಟಾಗಿದ್ದುದು ನಮ್ಮಲ್ಲಿ ಚಿತ್ರವೇ ಆಯಿತು. 1686ರಲ್ಲಿ ಔರಂಗಜೇಬನ ಸೈನ್ಯ ಬಿಜಾಪುರವನ್ನು ಗೆದ್ದುಕೊಂಡಿತು. ಆ ದರಬಾರು ಚದುರಿತು. ಚಿತ್ರಗಳು ಕೈಯಿಂದ ಕೈಗೆ ದಾಟಿ ದೂರ ಹೋದವು. 2015ರಲ್ಲಿ ಅದೇ ನ್ಯೂಯಾರ್ಕಿನ ಸಂಗ್ರಹಾಲಯ ದಖನಿನ ಸುಲ್ತಾನರ ಕಾಲದ ಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಇಂಥ ಅಬ್ರಿ ಚಿತ್ರಗಳನ್ನು ಜನ ಬೆರಗಿನಿಂದ ನೋಡಿದರು.

ಇದೇ ಕಲೆಯನ್ನು ತುರ್ಕಿ ದೇಶದವರು ‘ಎಬ್ರು’ ಎನ್ನುತ್ತಾರೆ. ಅವರು ಅದನ್ನು ಗುರುಶಿಷ್ಯ ಪರಂಪರೆಯಲ್ಲಿ ಕಾಪಾಡಿಕೊಂಡು ಬಂದರು. 2014ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜಪಾನಿನಲ್ಲಿ ಇದಕ್ಕೂ ಹಿಂದಿನಿಂದ, ಬರಿಯ ನೀರಿನ ಮೇಲೆ ಮಸಿ ತೇಲಿಸುವ ಬೇರೊಂದು ಪದ್ಧತಿ ಇದೆ. ನಮ್ಮಲ್ಲಿ ಮಾತ್ರ ಎಳೆ ಹರಿಯಿತು. ಹರಿದ ಎಳೆಯನ್ನು ಮತ್ತೆ ಹೊಸೆಯಲು ಅರಮನೆ ಬೇಕಿಲ್ಲ, ಅಡುಗೆಮನೆ ಸಾಕು. ಅದು ಹೇಗೆಂದು ನೋಡೋಣ.

ಈ ಕಲೆಯ ಗುಟ್ಟು ಇಷ್ಟೇ: ಬರಿಯ ನೀರಿನ ಮೇಲೆ ನಾವು ಬಳಸುವ ಬಣ್ಣ ನಿಲ್ಲುವುದಿಲ್ಲ, ಮುಳುಗುತ್ತದೆ. ನೀರನ್ನು ಲೋಳೆ ಮಾಡಿದರೆ ನಿಲ್ಲುತ್ತದೆ. ಲೋಳೆ ಮಾಡಲು ಬೇರೆ ಬೇರೆ ದೇಶದವರು ಬೇರೆ ಬೇರೆ ವಸ್ತು ಬಳಸಿದರು. ಕೆಲವರು ಸಮುದ್ರದ ಪಾಚಿ, ಕೆಲವರು ಗಿಡಗಳ ಅಂಟು. ಪಾರಸಿ ಪದ್ಧತಿಯ ಹಳೆಯ ಸಾಮಗ್ರಿಗಳಲ್ಲಿ ನಮಗೆಲ್ಲ ಗೊತ್ತಿರುವ ಮೆಂತ್ಯವೂ ಒಂದು. ನೆನೆಸಿದ ಮೆಂತ್ಯದ ಲೋಳೆ ಎಂಥದೆಂದು ತಲೆಗೆ ಹಚ್ಚಿಕೊಂಡ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಬೇಕಾಗುವ ಸಾಮಾನು ಹೀಗಿದೆ: ಮೆಂತ್ಯ 100 ಗ್ರಾಂ. ಪಟಿಕ, ಅಂದರೆ ಕ್ಷೌರದಂಗಡಿಯಲ್ಲಿ ಇಡುವ ಆ ಬಿಳಿ ಕಲ್ಲು, 30 ಗ್ರಾಂ. ಅಂಟುವಾಳದ ಕಾಯಿ ಏಳೆಂಟು. ಮೂರು ಬಣ್ಣದ ಪೋಸ್ಟರ್ ಬಣ್ಣ. ಅಕ್ರಿಲಿಕ್ ಬಣ್ಣ ಸಿಕ್ಕರೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಹೊಳಪಿಲ್ಲದ ಡ್ರಾಯಿಂಗ್ ಕಾಗದ. ಕಾಗದ ಸಲೀಸಾಗಿ ಮಲಗುವಷ್ಟು ಅಗಲದ ಟ್ರೇ. ಹಳೆಯ ಕಸಬರಿಗೆಯ ಕಡ್ಡಿಗಳು, ಹಳೆಯ ದಿನಪತ್ರಿಕೆ, ಒಂದು ತೆಳು ಬಟ್ಟೆ. ಬಣ್ಣಕ್ಕೆ ಬಳಸಿದ ಟ್ರೇ ಮತ್ತು ಬಟ್ಟಲುಗಳನ್ನು ಮತ್ತೆ ಅಡುಗೆಗೆ ಬಳಸಬಾರದು. ಅವನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.

ಮೊದಲ ದಿನ ಸಂಜೆ ಲೋಳೆ ಸಿದ್ಧಮಾಡಬೇಕು. ಮೆಂತ್ಯವನ್ನು ತರಿತರಿಯಾಗಿ ಕುಟ್ಟಿ 3 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಚೆನ್ನಾಗಿ ಕದಡಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಟ್ರೇಯಲ್ಲಿ ಎರಡು ಬೆರಳು ಆಳ ಬರುವಂತೆ ಸುರಿದು ಒಂದು ಗಂಟೆ ಅಲುಗಿಸದೆ ಇಡಿ, ಗುಳ್ಳೆಗಳು ಒಡೆಯಲಿ. ಅಳತೆ ಒಂದು ಅಂದಾಜು ಮಾತ್ರ. ಮೆಂತ್ಯ ಹಳೆಯದೋ ಹೊಸದೋ ಎಂಬುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಹದ ಪರೀಕ್ಷಿಸಲು ಒಂದು ಹನಿ ಬಣ್ಣ ತೇಲಿಸಿ ಕಡ್ಡಿಯಿಂದ ಗೆರೆ ಎಳೆಯಿರಿ. ಕಡ್ಡಿ ತೆಗೆದ ಮೇಲೂ ಗೆರೆ ಹರಿಯುತ್ತಲೇ ಹೋದರೆ ಲೋಳೆ ತೆಳುವಾಯಿತು. ಎಳೆದ ಗೆರೆ ರಬ್ಬರಿನಂತೆ ಹಿಂದಕ್ಕೆ ಜಗ್ಗಿದರೆ ಮಂದವಾಯಿತು. ಸ್ವಲ್ಪ ನೀರು ಬೆರೆಸಿ. ಎಲ್ಲಿ ಬಿಟ್ಟೆವೋ ಅಲ್ಲೇ ನಿಂತರೆ ಹದ ಬಂತು.

ಎರಡನೆಯದು ಕಾಗದಕ್ಕೆ ಪಟಿಕ. ಅರ್ಧ ಲೀಟರ್ ಬಿಸಿನೀರಿನಲ್ಲಿ 30 ಗ್ರಾಂ ಪಟಿಕದ ಪುಡಿ ಕರಗಿಸಿ, ಆರಿದ ಮೇಲೆ ಅರಿವೆಯ ಉಂಡೆಯಿಂದ ಕಾಗದದ ಒಂದೇ ಮಗ್ಗುಲಿಗೆ ಸಮನಾಗಿ ಒರೆಸಿ. ಯಾವ ಮಗ್ಗುಲು ಎಂಬುದು ಒಣಗಿದ ಮೇಲೆ ತಿಳಿಯುವುದಿಲ್ಲ. ಅದಕ್ಕಾಗಿ ಹಿಂಬದಿಗೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಒಣಗುವಾಗ ಕಾಗದ ಸುರುಳಿಯಾಗುತ್ತದೆ. ನಮ್ಮ ಕಡೆ ಇದಕ್ಕೆ ಒಳ್ಳೆಯ ಸಾಧನವಿದೆ: ಶಹಾಬಾದಿ ಪರ್ಸಿ. ಎರಡು ಪರ್ಸಿಗಳ ನಡುವೆ ಇಟ್ಟರೆ ಕಾಗದ ಹಲಗೆಯಂತೆ ನೆಟ್ಟಗಾಗುತ್ತದೆ. ಬಟ್ಟೆಗೆ ಬಣ್ಣ ಹಾಕುವವರು ಬಣ್ಣ ಕಚ್ಚಿಸಲು ಪಟಿಕ ಬಳಸುತ್ತಾರಲ್ಲ, ಇಲ್ಲಿಯೂ ಅದರ ಕೆಲಸ ಅದೇ. ಪಟಿಕವಿಲ್ಲದ ಕಾಗದದ ಮೇಲೆ ಬಣ್ಣ ಬಂದಂತೆ ಕಂಡರೂ ತೊಳೆದಾಗ ಹೊರಟುಹೋಗುತ್ತದೆ. ಹೆಚ್ಚು ಪಟಿಕ ಹಚ್ಚಿ ವಾರಗಟ್ಟಲೆ ಇಡುವುದೂ ಬೇಡ. ಕಾಗದ ಪೆಡಸಾಗಿ ಮುರಿಯುತ್ತದೆ.

ಮೂರನೆಯದು ಬಣ್ಣ. ಒಂದೊಂದು ಬಣ್ಣವನ್ನೂ ಹಾಲಿನಷ್ಟು ತೆಳುವಾಗಿ ಕಲಸಿಕೊಳ್ಳಿ. ಲೋಳೆಯ ಮೇಲೆ ಬಣ್ಣ ಹರಡಲು ಒಂದು ತಳ್ಳುವ ಶಕ್ತಿ ಬೇಕು. ಹಳಬರು ಇದಕ್ಕೆ ಎತ್ತಿನ ಪಿತ್ತರಸ ಬಳಸುತ್ತಿದ್ದರು. ಮನೆಗೆಲಸಕ್ಕೆ ಅಂಟುವಾಳದ ನೀರು ಸಾಕು. ಕಾಯಿ ನೆನೆಸಿ, ಕಿವುಚಿ, ಸೋಸಿದ ನೀರನ್ನು ಹನಿಹನಿಯಾಗಿ ಬಣ್ಣಕ್ಕೆ ಸೇರಿಸಿ ಪರೀಕ್ಷಿಸಿ. ತೇಲಿಸಿದ ಹನಿ ಮುಳುಗಿದರೆ ಇನ್ನೊಂದು ಹನಿ ಅಂಟುವಾಳ. ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿ ಹರಡಿ ನಿಂತರೆ ಸರಿ. ಎರಡನೆಯ ಬಣ್ಣಕ್ಕೆ ಮೊದಲನೆಯದಕ್ಕಿಂತ ಒಂದು ಹನಿ ಹೆಚ್ಚು ಬೇಕು, ಮೂರನೆಯದಕ್ಕೆ ಇನ್ನೂ ಒಂದು. ಮೊದಲೇ ಕುಳಿತವರನ್ನು ಸರಿಸಿ ಜಾಗ ಮಾಡಿಕೊಳ್ಳಬೇಕಲ್ಲ!

ಇಲ್ಲಿ ನನ್ನ ಒಂದು ಫಜೀತಿಯನ್ನು ಹೇಳಲೇಬೇಕು, ಏಕೆಂದರೆ ಈ ಮೂರು ತಾಲ್ಲೂಕಿನ ಯಾರೇ ಈ ಕೆಲಸಕ್ಕೆ ಕೈಹಾಕಿದರೂ ಅವರಿಗೂ ಅದು ಎದುರಾಗುತ್ತದೆ. ಮೊದಲ ಸಲ ಒಂದು ಶಾಲೆಯ ಪ್ರದರ್ಶನದ ಹಿಂದಿನ ದಿನ ಮಕ್ಕಳನ್ನು ಕೂಡಿಸಿಕೊಂಡು ಕೂತೆ. ಪುಸ್ತಕದಲ್ಲಿದ್ದಂತೆ ಎಲ್ಲ ಸಿದ್ಧಮಾಡಿದ್ದೆ. ಅಂಟುವಾಳ ಸಿಗಲಿಲ್ಲವೆಂದು ಮೈಗೆ ಹಚ್ಚುವ ಸಾಬೂನು ಕರಗಿಸಿದ್ದೆ, ನೀರು ಬೋರಿನದು. ಬಣ್ಣ ಬಿಟ್ಟರೆ ಹರಡಲಿಲ್ಲ. ಮೊಸರು ಒಡೆದಂತೆ ಕಣಕಣವಾಗಿ ತಳಕ್ಕೆ ಇಳಿಯಿತು. ಮೇಲೆ ಬೂದು ಬಣ್ಣದ ಕೆನೆ ಕಟ್ಟಿತು. ಪಟಿಕ ಬದಲಿಸಿದೆ, ಬಣ್ಣ ಬದಲಿಸಿದೆ, ಇಪ್ಪತ್ತಕ್ಕೂ ಹೆಚ್ಚು ಕಾಗದ ಹಾಳಾಯಿತು. ಮಕ್ಕಳ ಮುಖ ಬಾಡಿತು. ಒಬ್ಬ ಹುಡುಗ ಮೆಲ್ಲಗೆ, ‘ನಮ್ಮಂಥವರಿಗೆ ಇದು ಬರಂಗಿಲ್ಲ ಬಿಡ್ರಿ ಸರ್’ ಎಂದ. ಯಾವ ಮಾತನ್ನು ಅಳಿಸಬೇಕೆಂದು ಈ ಕೆಲಸ ಹಿಡಿದಿದ್ದೆನೋ ಅದೇ ಮಾತನ್ನು ನನ್ನ ಕೈಯಾರೆ ಗಟ್ಟಿಮಾಡಿದ್ದೆ.

ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ‘ಯಾ ನೀರು ಹಾಕಿದ್ರಿ ಮಾಸ್ತರ?’ ಎಂದು ಕೇಳಿದರು. ಬೋರಿನದು ಎಂದೆ. ಅವರು ನಕ್ಕರು: ‘ಈ ನೀರಾಗ ತೊಗರಿಬ್ಯಾಳಿನೇ ಕುದಿಯಂಗಿಲ್ಲ, ಸಾಬಾನ ನೊರಿ ಬರಂಗಿಲ್ಲ. ನಿಮ್ಮ ಬಣ್ಣ ಹ್ಯಾಂಗ ನಿಂತೀತು?’

ನನಗೆ ಆಗ ಹೊಳೆಯಿತು. ಭೀಮಾ ತೀರದ ನೆಲದಲ್ಲಿ ಸುಣ್ಣಕಲ್ಲು ಹೇರಳ. ನಮ್ಮ ಪರ್ಸಿಯೂ ಸುಣ್ಣಕಲ್ಲೇ. ಆ ಕಲ್ಲಿನ ಸುಣ್ಣದಂಶವನ್ನು ಕರಗಿಸಿಕೊಂಡು ಬರುವ ಬಾವಿ, ಬೋರುಗಳ ನೀರು ಗಡಸು. ಗಡಸು ನೀರಿಗೆ ಸಾಬೂನು ಬಿದ್ದರೆ ನೊರೆಯ ಬದಲು ಕರಗದ ಜಿಡ್ಡು ಕಟ್ಟುತ್ತದೆ. ನನ್ನ ಟ್ರೇಯ ಮೇಲಿದ್ದ ಬೂದು ಕೆನೆ ಅದೇ. ಬೇಳೆ ಬೇಯದಿರುವುದಕ್ಕೂ ನನ್ನ ಬಣ್ಣ ಕೆಟ್ಟದ್ದಕ್ಕೂ ಕಾರಣ ಒಂದೇ ಸುಣ್ಣ. ವಿಜ್ಞಾನದ ಪಾಠದಲ್ಲಿ ಇದನ್ನು ನಾನೂ ಓದಿದ್ದೆ. ಆದರೆ ಒಲೆಯ ಮುಂದೆ ಕೂತ ಆ ಅಜ್ಜಿಗೆ ಅದು ದಿನದ ಅನುಭವವಾಗಿತ್ತು.

ಅವರ ಮನೆಯಲ್ಲಿ ಬೇಳೆಗೆಂದು ಹಿಡಿದಿಟ್ಟ ಮಳೆನೀರು ಒಂದು ಕೊಡ ಇತ್ತು. ಮೊಮ್ಮಗಳ ತಲೆಗೆಂದು ತಂದ ಅಂಟುವಾಳವೂ ಇತ್ತು. ಮರುದಿನ ಬೆಳಗಾಗುವುದರೊಳಗೆ ಲೋಳೆ ಹೊಸದಾಗಿ ಸಿದ್ಧವಾಯಿತು. ಕೆಂಪು ಹನಿ ಬಿದ್ದು ಹೂವಿನಂತೆ ಅರಳಿದಾಗ ಮಕ್ಕಳು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಆದ್ದರಿಂದ ನೀರಿನ ವಿಷಯದಲ್ಲಿ ಎಚ್ಚರ. ಲೋಳೆಗೂ ಬಣ್ಣಕ್ಕೂ ಮಳೆನೀರು ಉತ್ತಮ. ಇಲ್ಲದಿದ್ದರೆ ಬೋರಿನ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದಲ್ಲಿ ಕೂತ ಬಿಳಿ ಹುಡಿಯನ್ನು ಅಲುಗಿಸದೆ ಮೇಲಿನ ನೀರನ್ನು ಮಾತ್ರ ಬಸಿದುಕೊಳ್ಳಿ. ಗಡಸುತನ ಪೂರ್ತಿ ಹೋಗದಿದ್ದರೂ ಬಹಳಷ್ಟು ಇಳಿಯುತ್ತದೆ. ಸಾಬೂನು ಬೇಡ, ಅಂಟುವಾಳವೇ ಇರಲಿ. ಕಾಗದ ತೊಳೆಯಲು ಯಾವ ನೀರಾದರೂ ನಡೆಯುತ್ತದೆ.

ಈಗ ಕಾಗದ ಇಳಿಸುವ ಕೆಲಸ. ದಿನಪತ್ರಿಕೆಯ ಪಟ್ಟಿಯೊಂದನ್ನು ಲೋಳೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ ಮೇಲಿನ ಪೊರೆ ತೆಗೆಯಿರಿ. ಪ್ರತಿ ಕಾಗದಕ್ಕೂ ಮುಂಚೆ ಇದನ್ನು ಮಾಡಲೇಬೇಕು. ಕಸಬರಿಗೆ ಕಡ್ಡಿಗಳ ಸಣ್ಣ ಕಟ್ಟನ್ನು ಬಣ್ಣದಲ್ಲಿ ಅದ್ದಿ, ಇನ್ನೊಂದು ಕೈಯ ಬೆರಳಿಗೆ ತಟ್ಟಿ ಹನಿಗಳನ್ನು ಉದುರಿಸಿ. ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಇಷ್ಟಕ್ಕೇ ಬಿಟ್ಟರೆ ಕಲ್ಲಿನ ನಮೂನೆ. ಕಡ್ಡಿಯಿಂದ ಅಡ್ಡಡ್ಡ ಹೋಗಿ ಬಂದು ಮಾಡಿದರೆ ಅಲೆಯ ನಮೂನೆ. ರಟ್ಟಿನ ಪಟ್ಟಿಗೆ ಒಂದೇ ಅಂತರದಲ್ಲಿ ಗುಂಡುಸೂಜಿ ಚುಚ್ಚಿ ಹಣಿಗೆ ಮಾಡಿಕೊಂಡು, ಆ ಅಲೆಗಳ ಮೇಲೆ ಉದ್ದಕ್ಕೆ ಎಳೆದರೆ ಗರಿಯ ನಮೂನೆ. ನಂತರ ಕಾಗದದ ಎರಡು ಎದುರು ಮೂಲೆಗಳನ್ನು ಹಿಡಿದು, ಪಟಿಕದ ಮಗ್ಗುಲು ಕೆಳಗಾಗಿ, ನಡುಭಾಗ ಮೊದಲು ತಾಗುವಂತೆ ಮೆಲ್ಲಗೆ ಮಲಗಿಸಿ. ನಡುವೆ ತಡೆಯಬೇಡಿ, ತಡೆದಲ್ಲಿ ಗೆರೆ ಬೀಳುತ್ತದೆ. ಗಾಳಿ ಸಿಕ್ಕಿಕೊಂಡರೆ ಬಿಳಿ ಚುಕ್ಕೆ ಉಳಿಯುತ್ತದೆ. ನಾಲ್ಕೈದು ಎಣಿಸಿ, ಟ್ರೇಯ ಅಂಚಿಗೆ ಸವರುತ್ತ ಮೇಲೆತ್ತಿ, ತೆಳುವಾಗಿ ನೀರು ಹಾಯಿಸಿ ಲೋಳೆ ತೊಳೆದು, ನೆರಳಿನಲ್ಲಿ ಹಗ್ಗಕ್ಕೆ ಹಾಕಿ. ಒಣಗಿದ ಮೇಲೆ ಮತ್ತೆ ಪರ್ಸಿಯ ಕೆಳಗೆ.

ನಮ್ಮ ಬೇಸಿಗೆಯಲ್ಲಿ ಈ ಕೆಲಸಕ್ಕೆ ಬೆಳಗಿನ ಹೊತ್ತೇ ಸರಿ. ಬಿಸಿಲೇರಿದರೆ ಲೋಳೆಯ ಮೇಲೆ ಬೇಗ ಪೊರೆ ಕಟ್ಟುತ್ತದೆ, ಧೂಳೂ ಕೂರುತ್ತದೆ. ಮೆಂತ್ಯದ ಲೋಳೆ ಎರಡು ದಿನಕ್ಕೇ ಹುಳಿತು ನಾರುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ. ಉಳಿದದ್ದನ್ನು ದನ ಕುಡಿಯುವ ಬಾನಿ, ಹಳ್ಳದ ಕಡೆಗೆ ಚೆಲ್ಲಬೇಡಿ, ಅದರಲ್ಲಿ ಬಣ್ಣವಿರುತ್ತದೆ.

ಕೈ ಪಳಗಿದ ಮೇಲೆ ಬಿಜಾಪುರದ ಕುದುರೆಯ ಕಡೆಗೂ ಹೋಗಬಹುದು. ಬಣ್ಣ ಬೇಡವಾದ ಜಾಗವನ್ನು ಗೋಂದು ಹಚ್ಚಿ ಅಥವಾ ಕತ್ತರಿಸಿದ ಕಾಗದದಿಂದ ಮುಚ್ಚಿ ಅಂಥ ಚಿತ್ರಗಳನ್ನು ಮಾಡಿದ್ದಿರಬೇಕೆಂದು ಬಲ್ಲವರು ಹೇಳುತ್ತಾರೆ. ಮಕ್ಕಳಿಗೆ ಸುಲಭದ ದಾರಿ: ತೆಳು ಕಾಗದದಲ್ಲಿ ಎತ್ತು, ಕುದುರೆ, ನವಿಲು ಯಾವುದಾದರೊಂದು ಆಕಾರವನ್ನು ಕತ್ತರಿಸಿ ತೆಗೆಯಿರಿ. ಆಕಾರದ ಕಿಂಡಿ ಉಳಿದ ಆ ಹಾಳೆಯನ್ನು ನಾಲ್ಕು ಮೂಲೆಗೆ ಗಂಜಿಯ ಚುಕ್ಕೆ ಇಟ್ಟು ಕಾಗದದ ಮೇಲೆ ಕೂಡಿಸಿ ಲೋಳೆಗೆ ಇಳಿಸಿ. ತೊಳೆದು ಹಾಳೆ ಬಿಡಿಸಿದರೆ ಕಿಂಡಿಯಿದ್ದಲ್ಲಿ ಮಾತ್ರ ಅಬ್ರಿ ಮೂಡಿರುತ್ತದೆ. ಕಣ್ಣು, ಕಿವಿ, ಕಾಲ್ಗೊರಸನ್ನು ಆಮೇಲೆ ಪೆನ್ನಿನಿಂದ ಬರೆದುಕೊಳ್ಳಬಹುದು. ಸಾದಾ ಹಾಳೆಗಳನ್ನು ನೋಟುಬುಕ್ಕಿನ ಹೊದಿಕೆಗೆ, ಪ್ರಾಜೆಕ್ಟ್ ಫೈಲಿಗೆ, ಶುಭಾಶಯ ಪತ್ರಕ್ಕೆ, ಚಿತ್ರದ ಚೌಕಟ್ಟಿಗೆ ಬಳಸಬಹುದು.

ಕೊನೆಗೆ ಒಂದು ಮಾತು. ಅಬ್ರಿಯ ಒಂದು ಹಾಳೆಯಂತೆ ಇನ್ನೊಂದು ಬರುವುದಿಲ್ಲ. ಮಾಡಿದವನೇ ಮತ್ತೆ ಮಾಡಿದರೂ ಬರುವುದಿಲ್ಲ. ಈ ಗುಣವನ್ನು ಹಣಕಾಸಿನವರೂ ಬಳಸಿಕೊಂಡಿದ್ದಾರೆ. 1775ರಲ್ಲಿ ಅಮೆರಿಕದ ವಸಾಹತುಗಳು ಹೊರಡಿಸಿದ 20 ಡಾಲರಿನ ನೋಟಿಗೆ, ಯಾರೂ ಖೋಟಾ ಮಾಡಬಾರದೆಂದು, ಇಂಥ ಬಣ್ಣದ ಅಂಚು ಕೊಟ್ಟಿದ್ದರು. ನನಗಂತೂ ಈ ಗುಣ ತರಗತಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂತು. ಚಾರ್ಟು ನೋಡಿ ತೆಗೆದ ಚಿತ್ರದಲ್ಲಿ ಒಂದು ಮಗು ಮುಂದೆ, ಒಂದು ಹಿಂದೆ. ಇಲ್ಲಿ ಹಾಗಿಲ್ಲ. ಪ್ರತಿಯೊಂದು ಮಗುವಿನ ಕೈಯಲ್ಲೂ ಬೇರೆಯವರ ಬಳಿ ಇಲ್ಲದ ಒಂದು ಹಾಳೆ.

ಆ ಶಾಲೆಯ ಪ್ರದರ್ಶನದ ದಿನ ಮೇಜಿನ ಮೇಲೆ ಹನ್ನೊಂದು ಹಾಳೆಗಳಿದ್ದವು. ‘ನಮ್ಮಂಥವರಿಗೆ ಬರಂಗಿಲ್ಲ’ ಎಂದಿದ್ದ ಹುಡುಗ ಬಂದವರಿಗೆಲ್ಲ ವಿವರಿಸುತ್ತಿದ್ದ. ಬಣ್ಣ ಎಲ್ಲಿಂದ ತರಿಸಿದಿರಿ ಎಂದು ಒಬ್ಬರು ಕೇಳಿದರು. ಅವನು ಹೇಳಿದ: ‘ಬಣ್ಣ ಅಂಗಡೀದರಿ. ಉಳಿದದ್ದೆಲ್ಲ ನಮ್ಮ ಮನ್ಯಾಗಿಂದು.’

ನಿಮ್ಮ ಮನೆಯಲ್ಲೂ ಮೆಂತ್ಯವಿದೆ, ಪಟಿಕ ಸಿಗುತ್ತದೆ, ಮಳೆ ಬಂದಾಗ ಒಂದು ಕೊಡ ನೀರು ಹಿಡಿದಿಡಬಹುದು. ಈ ರಜೆಯಲ್ಲಿ ಮಕ್ಕಳೊಂದಿಗೆ ಕೂತು ಮಾಡಿ ನೋಡಿ. ಮೊದಲ ನಾಲ್ಕು ಹಾಳೆ ಕೆಟ್ಟರೆ ಬೇಸರ ಬೇಡ. ನೀರನ್ನು ಒಮ್ಮೆ ಪರೀಕ್ಷಿಸಿ; ಮನೆಯ ಹಿರಿಯರನ್ನು ಒಂದು ಮಾತು ಕೇಳಿ.